ಮರ ತಬ್ಬಿದ ಹುಡುಗಿ

"ಆ ಗಂಟು ಬಿಚ್ಚಿ ಅಂದೆ. ಬಿಚ್ತೀರೋ, ಕತ್ತರಿ ತರಲೋ?"

ಮಗಳು ಅಪ್ಪನ ಶವದ ವ್ಯಾನಿನ ಹಿಂಬದಿಯ ಮೆಟ್ಟಿಲಿಗೆ ಒಂದು ಕಾಲು ಕೊಟ್ಟು, ಬ್ಯಾನರಿನ ಒಂದು ಮೂಲೆಯನ್ನು ಹಿಡಿದು ಜಗ್ಗುತ್ತಿದ್ದಳು. ಇನ್ನೊಂದು ಮೂಲೆ ಪ್ರಕಾಶಕರ ಕೈಯಲ್ಲಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದನ್ನು ಕಣ್ಣಾರೆ ನೋಡಬೇಕಿದ್ದವರು ಆ ಬೆಳಿಗ್ಗೆ ಆ ಬೀದಿಗೆ ಬರಬೇಕಿತ್ತು. ನಡುವೆ ಸಿಕ್ಕಿಕೊಂಡ ಡ್ರೈವರ್ ಯಾರ ಪಕ್ಷವನ್ನೂ ಸೇರದೆ, ಹಗ್ಗದ ಉಂಡೆ ಹಿಡಿದು ಆಕಾಶ ನೋಡುತ್ತಿದ್ದ.

ಬ್ಯಾನರಿನ ಮೇಲಿದ್ದದ್ದು ಊರಿಗೆಲ್ಲ ಗೊತ್ತಿದ್ದ ಚಿತ್ರ. ಹಳದಿ ಫ್ರಾಕ್ ತೊಟ್ಟ ಪುಟ್ಟ ಹುಡುಗಿ ನೋಡುವವರಿಗೆ ಬೆನ್ನು ಮಾಡಿ ನಿಂತಿದ್ದಾಳೆ. ಹಣೆಯನ್ನು ಮರದ ಕಾಂಡಕ್ಕೆ ಒತ್ತಿದ್ದಾಳೆ, ತೋಳುಗಳನ್ನು ಅದಕ್ಕೆ ಆನಿಸಿದ್ದಾಳೆ. ಸುತ್ತ ಯಾರೂ ಇಲ್ಲ. 'ಮರ ಕೇಳಿಸಿಕೊಂಡಿತು' ಎಂಬ ಮಕ್ಕಳ ಪುಸ್ತಕಕ್ಕೆ ಅಪ್ಪ ಬರೆದ ಮುಖಪುಟ ಅದು. ಗೆಳೆಯರಿಲ್ಲದ ಹುಡುಗಿಯೊಬ್ಬಳು ಮರವನ್ನು ತಬ್ಬಿಕೊಂಡು ತನ್ನ ದುಃಖವನ್ನೆಲ್ಲ ಹೇಳಿಕೊಳ್ಳುತ್ತಾಳೆ, ಮರ ಕೇಳಿಸಿಕೊಳ್ಳುತ್ತದೆ. ಕತೆ ಇಷ್ಟೇ. ಇಷ್ಟಕ್ಕೇ ಎರಡು ತಲೆಮಾರಿನ ಮಕ್ಕಳು ಅತ್ತಿದ್ದವು, ಅವುಗಳ ತಾಯಂದಿರು ಇನ್ನೂ ಹೆಚ್ಚು ಅತ್ತಿದ್ದರು.

ಆ ಹುಡುಗಿ ಈ ಮಗಳೇ. ಈಗ ಅವಳಿಗೆ ಐವತ್ತು ದಾಟಿದೆ, ಮಂಡಿ ನೋಯುತ್ತದೆ, ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಈ ಒಂದು ದಿನವಾದರೂ ಅಪ್ಪನನ್ನು ಆ ಚಿತ್ರವಿಲ್ಲದೆ ಕಳಿಸಿಕೊಡಬೇಕು ಎನ್ನುವುದಷ್ಟೇ ಅವಳ ಆಸೆ. ಅವಳ ಅಪ್ಪನಾಗಿ ಹೋಗಲಿ, ಊರಿನ 'ಚಿತ್ರದ ತಾತ'ನಾಗಿ ಬೇಡ.

"ಏನಮ್ಮಾ ಇದು, ಚಿಕ್ಕ ಮಕ್ಕಳ ಥರ!" ಎಂದರು ಪ್ರಕಾಶಕರು. "ಈ ಚಿತ್ರ ಇಲ್ದಿದ್ರೆ ಅವರನ್ನ ಜನ ಹೇಗೆ ಗುರುತು ಹಿಡೀತಾರೆ?"

"ಪೆಟ್ಟಿಗೆ ಒಳಗೆ ಅವರೇ ಇದಾರಲ್ಲ ಮಾಮ. ಅಷ್ಟು ಗುರುತು ಸಾಲದಾ?"

ಪ್ರಕಾಶಕರನ್ನು ಅವಳು ಹುಟ್ಟಿದಾಗಿನಿಂದ ಮಾಮ ಎಂದೇ ಕರೆಯುತ್ತಿದ್ದಳು. ಒಳ್ಳೆಯ ಮನುಷ್ಯ. ಆದರೆ ಅವರಿಗೆ ಏನು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಅಷ್ಟರಲ್ಲಿ ಶಾಲೆಯ ಮೇಡಂ ಒಬ್ಬರು ಗುಂಪಿನಿಂದ ನುಗ್ಗಿ ಬಂದು ಮಗಳನ್ನು ಮೆಟ್ಟಿಲಿನಿಂದ ಕೆಳಗಿಳಿಸಿ ಗಟ್ಟಿಯಾಗಿ ಅಪ್ಪಿಕೊಂಡರು.

"ನೀವೇ ಅಲ್ವಾ ಆ ಮರದ ಹುಡುಗಿ? ಅಯ್ಯೋ, ಎಂಥಾ ಪುಣ್ಯ ನಿಮ್ದು! ನಮ್ಮಪ್ಪ ನನ್ನ ಮುಖ ಕೂಡ ಸರಿಯಾಗಿ ನೋಡ್ಲಿಲ್ಲ ಕಣ್ರೀ. ನಿಮ್ಮಪ್ಪ ನಿಮ್ಮನ್ನ ಎಷ್ಟು ನೋಡಿರ್ಬೇಕು!"

"ಮುಖ ಅವರೂ ನೋಡಿಲ್ಲ ಮೇಡಂ. ಚಿತ್ರದಲ್ಲಿರೋದು ಬೆನ್ನು."

ಮೇಡಂ ಇದನ್ನು ತಮಾಷೆ ಎಂದುಕೊಂಡು ಕಣ್ಣೀರಿನ ನಡುವೆಯೇ ನಕ್ಕರು. ಅವರ ಅಪ್ಪುಗೆಯಿಂದ ಬಿಡಿಸಿಕೊಂಡು ಮಗಳು ತಿರುಗುವಷ್ಟರಲ್ಲಿ ಬ್ಯಾನರಿನ ನಾಲ್ಕೂ ಗಂಟು ಬಿದ್ದಾಗಿತ್ತು. ಪ್ರಕಾಶಕರು ಕೈ ಒರೆಸಿಕೊಳ್ಳುತ್ತ ದೂರ ಹೋಗಿ ನಿಂತಿದ್ದರು.

*

ಅಪ್ಪ ಮಹಡಿಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಒಂದೇ ಕಿಟಕಿ, ಅದರ ಕೆಳಗೆ ಹಿತ್ತಲು, ಹಿತ್ತಲಲ್ಲಿ ಒಂದು ಮರ. ಕಾಡಿನ ಬಗ್ಗೆ ಅಷ್ಟು ಪುಸ್ತಕ ಮಾಡಿದವನು ಕಾಡಿಗೆ ಹೋದವನಲ್ಲ. ಕಾಲಿಗೆ ಇರುವೆ ಹತ್ತಿದರೆ ಕುಣಿದಾಡುವ ಮನುಷ್ಯ. ಗುಂಪಿನಿಂದ ತಪ್ಪಿದ ಬಾತುಕೋಳಿ, ನದಿಯನ್ನು ಪ್ರೀತಿಸಿದ ಕಲ್ಲು, ಚಂದ್ರನಿಗೆ ಹೆದರುವ ಗೂಬೆ, ಎಲ್ಲ ಆ ಕಿಟಕಿಯ ಹಿಂದೆಯೇ ಹುಟ್ಟಿದ್ದು. ಒಂದೇ ತೊಡಕು. ಕಣ್ಣೆದುರು ಇಲ್ಲದ್ದನ್ನು ಅವನಿಗೆ ಬರೆಯಲು ಬರುತ್ತಿರಲಿಲ್ಲ. ಗೂಬೆಗೆ ಮಾದರಿಯಾಗಿ ಪಕ್ಕದ ಮನೆಯ ಬೆಕ್ಕು ಕೂತಿತ್ತು. ಬಾತುಕೋಳಿಗೆ ಅಮ್ಮನ ಚಪ್ಪಲಿ.

ಅಮ್ಮ ಟೆಲಿಫೋನ್ ಕಚೇರಿಗೆ ಹೋದರೆ ಬರುವುದು ಸಂಜೆ. ಬೀದಿಯಲ್ಲಿ ಮಗಳ ವಯಸ್ಸಿನ ಮಕ್ಕಳಿರಲಿಲ್ಲ. ಅವಳು ಮಹಡಿ ಮೆಟ್ಟಿಲಲ್ಲಿ ಕೂತು, ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಗೆ ಬಾಯಿಟ್ಟು, "ಅಪ್ಪಾ, ಆಟ ಆಡೋಣ ಬಾ" ಎನ್ನುತ್ತಿದ್ದಳು. "ನಾಳೆ" ಎನ್ನುತ್ತಿತ್ತು ಬಾಗಿಲು.

ಒಂದು ಮಧ್ಯಾಹ್ನ ಬಾಗಿಲು ತೆರೆಯಿತು. "ನಡಿ, ಕಣ್ಣಾಮುಚ್ಚಾಲೆ ಆಡೋಣ. ಆ ಹಳದಿ ಫ್ರಾಕ್ ಹಾಕ್ಕೊಂಡು ಬಾ" ಎಂದ ಅಪ್ಪ.

ಅವಳು ಖುಷಿಗೆ ಫ್ರಾಕನ್ನು ತಿರುಗುಮುರುಗಾಗಿ ಹಾಕಿಕೊಂಡು ಬಂದಳು. ಅಪ್ಪನೇ ಅದನ್ನು ಸರಿಮಾಡಿದ. ಮರಕ್ಕೆ ಹಣೆ ಒತ್ತಿಸಿದ, ಕೈ ಎಲ್ಲಿಡಬೇಕೆಂದು ತೋರಿಸಿದ. "ನೂರರವರೆಗೆ ಎಣಿಸ್ಬೇಕು. ಮಿಸುಕಬಾರದು, ಕಳ್ಳನೋಟ ನೋಡಬಾರದು. ನಾನು ಬಚ್ಚಿಟ್ಕೋತೀನಿ." ಅವಳಿಗೆ ನೂರರವರೆಗೆ ಬರುತ್ತಿರಲಿಲ್ಲ. ಬಂದಷ್ಟನ್ನೇ ಮತ್ತೆ ಮತ್ತೆ ಎಣಿಸಿದಳು. ಆಮೇಲೆ ಹುಡುಕಿದಳು. ನೀರಿನ ಡ್ರಮ್ಮಿನ ಹಿಂದೆ, ಸೌದೆ ಕೊಟ್ಟಿಗೆಯಲ್ಲಿ, ಮೆಟ್ಟಿಲ ಕೆಳಗೆ. "ಅಪ್ಪಾ, ನಾನು ಸೋತೆ, ಬಾ" ಎಂದು ಕೂಗಿದಳು. ಯಾರೂ ಬರಲಿಲ್ಲ. ತಾನೇ ಎಣಿಸಿದ್ದು ತಪ್ಪಾಗಿರಬೇಕು ಎಂದುಕೊಂಡು ವಾಪಸ್ ಹೋಗಿ ಮರಕ್ಕೆ ಹಣೆ ಒತ್ತಿದಳು.

ಮರುದಿನವೂ ಅಪ್ಪನೇ ಕರೆದ. ಅದರ ಮರುದಿನವೂ. ಅಪ್ಪನಷ್ಟು ಚೆನ್ನಾಗಿ ಬಚ್ಚಿಟ್ಟುಕೊಳ್ಳುವವರು ಪ್ರಪಂಚದಲ್ಲೇ ಇಲ್ಲ ಎಂದು ಅವಳು ಅಮ್ಮನಿಗೆ ಹೆಮ್ಮೆಯಿಂದ ಹೇಳಿದ್ದಳು. ಕೊನೆಗೊಂದು ದಿನ ಕುತ್ತಿಗೆ ನೋವಾಗಿ ತಲೆಯೆತ್ತಿ ಹಿಂತಿರುಗಿದಾಗ ಮಹಡಿಯ ಕಿಟಕಿಯಲ್ಲಿ ಅಪ್ಪನ ಮುಖ, ಕೈಯಲ್ಲಿ ಕುಂಚ.

"ಅಯ್ಯೋ, ಅಲ್ಲಾಡಬೇಡ! ಮೊದಲಿನ ಹಾಗೇ ಇರು. ತಲೆ ಸ್ವಲ್ಪ ಎಡಕ್ಕೆ" ಎಂದ ಅಪ್ಪ.

*

ವ್ಯಾನಿನಲ್ಲಿ ಪೆಟ್ಟಿಗೆಯ ಪಕ್ಕ ಅಮ್ಮ, ಅಮ್ಮನ ಎದುರು ಮಗಳು. ಬ್ಯಾನರಿನ ನೆರಳು ಹಿಂದಿನ ಗಾಜಿಗೆ ಬಿದ್ದು ಒಳಗೆಲ್ಲ ಹಳದಿ ಮಬ್ಬು.

"ಸಾಕು ಬಿಡೇ. ಸತ್ತವರ ಮೇಲೆ ಏನು ಸಿಟ್ಟು" ಎಂದಳು ಅಮ್ಮ.

"ಬದುಕಿದ್ದಾಗ ಸಿಟ್ಟು ಮಾಡ್ಕೊಂಡ್ರೆ ಅಪ್ಪನಿಗೆ ಕೆಲಸ ಇದೆ ಅಂತಿದ್ದೆ. ಈಗ ಸತ್ತಿದಾರೆ ಅಂತೀಯ. ಇನ್ನು ಯಾವಾಗ ಮಾಡ್ಕೊಳ್ಳಲಿ ಹೇಳು? ಒಂದು ದಿನ ಗೊತ್ತು ಮಾಡಿಕೊಡು."

ಅಮ್ಮ ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು. "ಅವರಿಗೆ ಆಟ ಆಡೋಕೆ ಬರ್ತಿರ್ಲಿಲ್ಲ ಕಣೇ. ಚಿಕ್ಕಂದಿನಲ್ಲಿ ಅವರ ಜೊತೆ ಯಾರೂ ಆಡಿರ್ಲಿಲ್ಲ. ನೋಡೋಕಷ್ಟೇ ಬರ್ತಿತ್ತು. ದಿನವಿಡೀ ನಿನ್ನನ್ನೇ ನೋಡ್ತಿದ್ರು. ನೋಡೋದೂ ಪ್ರೀತಿನೇ ಅಲ್ವಾ?"

"ನಾನು ಬೆನ್ನು ಮಾಡಿ ನಿಂತಿದ್ದೆನಮ್ಮಾ. ಅವರು ನೋಡೋದು ನನಗೆ ಹೇಗೆ ಕಾಣ್ಬೇಕು?"

ಅಮ್ಮ ಕಿಟಕಿಯ ಕಡೆ ತಿರುಗಿ, ದಾರಿಯಲ್ಲಿ ನಿಂತು ಪುಸ್ತಕ ಎತ್ತಿ ತೋರಿಸುತ್ತಿದ್ದ ಶಾಲೆಯ ಮಕ್ಕಳಿಗೆ ಕೈ ಬೀಸತೊಡಗಿದಳು. ಮಗಳು ಹಲ್ಲು ಕಚ್ಚಿಕೊಂಡು ಕೂತಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೇಳಿಬಿಡೋಣವೆಂದರೆ ಅಪ್ಪ ಮಾರಿಯೂ ಆಗಿರಲಿಲ್ಲ. ಬೈದವನಲ್ಲ, ಹೊಡೆದವನಲ್ಲ. ಇನ್ನೊಬ್ಬರಿಗೆ ಹೇಳಿದರೆ 'ಇಷ್ಟೇನಾ?' ಎನ್ನುವಂಥ ದೂರು ಅವಳದು. ಅದೇ ಅವಳನ್ನು ಇನ್ನಷ್ಟು ಉರಿಸುತ್ತಿತ್ತು.

*

ಕೇಳಿರಲಿಲ್ಲವೆಂದಲ್ಲ. ಅಪ್ಪ ಹಾಸಿಗೆ ಹಿಡಿದ ಮೇಲೆ, ಗಂಜಿ ಕುಡಿಸುತ್ತ ಒಂದು ದಿನ ಕೇಳಿಯೇ ಬಿಟ್ಟಿದ್ದಳು.

"ಅಪ್ಪಾ, ಆವತ್ತು ಕಣ್ಣಾಮುಚ್ಚಾಲೆಯಲ್ಲಿ ನೀನ್ಯಾಕೆ ಬಚ್ಚಿಟ್ಕೊಳ್ಳಲಿಲ್ಲ?"

ಗಲ್ಲಕ್ಕೆ ಇಳಿದ ಗಂಜಿಯನ್ನು ಅವಳು ಒರೆಸಿದಳು. ಈಗ ಬರುತ್ತದೆ ಒಂದು ಮಾತು, ಒಂದೇ ಒಂದು ಮಾತು ಬಂದರೆ ಎಲ್ಲವನ್ನೂ ಮರೆತುಬಿಡುತ್ತೇನೆ ಎಂದುಕೊಂಡು ಚಮಚ ಹಿಡಿದು ಕಾದಳು.

"ಬೆಳಕು ಹೋಗಿಬಿಡ್ತಿತ್ತಲ್ಲ" ಎಂದ ಅಪ್ಪ.

*

ಸ್ಮಶಾನದಲ್ಲಿ, ಮಣ್ಣಿಗಿಳಿಸುವ ಮುಂಚೆ ಮಗಳು ನಾಲ್ಕು ಮಾತಾಡಬೇಕೆಂದು ಪ್ರಕಾಶಕರು ಯಾರನ್ನೂ ಕೇಳದೆ ಘೋಷಿಸಿಬಿಟ್ಟರು. ಮೈಕು ಅವಳ ಕೈಗೆ ಬಂತು. ಎದುರಿಗೆ ಶಾಲೆಯ ಮೇಡಂ, ಹಿಂದೆ ಅವರ ಮಕ್ಕಳು, ಇನ್ನೂ ಹಿಂದೆ ಒಂದು ಕಾಲದಲ್ಲಿ ಮಕ್ಕಳಾಗಿದ್ದವರು. ಆಗಲಿ, ಇದಕ್ಕಿಂತ ಒಳ್ಳೆಯ ದಿನ ಇನ್ನು ಸಿಗುವುದಿಲ್ಲ ಎಂದು ಅವಳು ಗಂಟಲು ಸರಿಮಾಡಿಕೊಂಡಳು.

"ಆ ಚಿತ್ರದ ಹುಡುಗಿ ಮರವನ್ನ ತಬ್ಬಿಲ್ಲ. ಅವಳು ಎಣಿಸ್ತಿದಾಳೆ" ಎಂದಳು. "ಅವಳಿಗೆ ಮರದ ಹತ್ರ ಹೇಳ್ಕೊಳ್ಳೋಕೆ ಏನೂ ಇರ್ಲಿಲ್ಲ. ಅವಳು ಕಣ್ಣಾಮುಚ್ಚಾಲೆ ಆಡ್ತಿದ್ಲು, ಅಪ್ಪನ ಜೊತೆ. ಅಪ್ಪ ಬಚ್ಚಿಟ್ಕೋತೀನಿ ಅಂತ ಹೇಳಿ, ಮಹಡಿಗೆ ಹೋಗಿ ಅವಳ ಚಿತ್ರ ಬರೀತಿದ್ರು. ಅವಳು ಹುಡುಕಿ ಹುಡುಕಿ ಸೋತಳು. ನೀವೆಲ್ಲ ನೋಡಿ ಅಳ್ತೀರಲ್ಲ, ಆ ಒಂಟಿತನ, ಅದನ್ನ ಆ ಹುಡುಗಿಗೆ ಕೊಟ್ಟಿದ್ದೇ ಅದನ್ನ ಬರೆದವರು. ನನಗೆ ಮರ ಬೇಕಾಗಿರ್ಲಿಲ್ಲ. ಅಪ್ಪ ಕೆಳಗೆ ಬರಬೇಕಾಗಿತ್ತು."

ಮೈಕು ಕೆಳಗಿಟ್ಟಳು. ಇನ್ನೇನು ಯಾರಾದರೂ ಬೈಯುತ್ತಾರೆ, ಬೈಯಲಿ ಎಂದು ಕಾದಳು.

"ಅಯ್ಯೋ, ಎಷ್ಟು ಚೆಂದ!" ಎಂದು ಬಿಕ್ಕಿದರು ಮೇಡಂ.

ಆಮೇಲೆ ತಡೆಯೇ ಇಲ್ಲ. ಯಾರೋ ಮೂಗು ಒರೆಸಿಕೊಂಡರು, ಯಾರೋ ಚಪ್ಪಾಳೆ ತಟ್ಟಲು ಹೋಗಿ ಇದು ಸ್ಮಶಾನ ಎಂದು ನೆನಪಾಗಿ ಕೈ ಕಟ್ಟಿಕೊಂಡರು. ಪ್ರಕಾಶಕರು ಅವಳ ಭುಜ ಹಿಡಿದು ಕಿವಿಯ ಹತ್ತಿರ ಬಗ್ಗಿದರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು.

"ಇಷ್ಟು ದಿನ ಯಾಕಮ್ಮಾ ಹೇಳ್ಲಿಲ್ಲ? ಮುಂದಿನ ಮುದ್ರಣಕ್ಕೆ ಇದನ್ನೇ ಮುನ್ನುಡಿ ಮಾಡೋಣ. ಈಗ ಹೇಳಿದ ಹಾಗೇ, ಒಂದಕ್ಷರ ಬದಲಾಯಿಸೋದು ಬೇಡ."

"ಮಾಮ, ನಾನು ಹೇಳಿದ್ದು ದೂರು."

"ಅದೇ, ಅದೇ. ಅದಕ್ಕೇ ಮನಸ್ಸಿಗೆ ತಟ್ಟೋದು."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಐವತ್ತು ವರ್ಷದ ಸಿಟ್ಟನ್ನು ತಂದು ಸುರಿದರೆ ಅದನ್ನೂ ಒರೆಸಿ, ಬಣ್ಣ ಹಚ್ಚಿ, ಮಕ್ಕಳಿಗೆ ಓದಲು ಕೊಡುತ್ತಾರೆ. ಅವಳಿಗೆ ಗಟ್ಟಿಯಾಗಿ ಕಿರುಚಬೇಕೆನಿಸಿತು. ಕಿರುಚಿದರೆ ಅದೂ ಚೆನ್ನಾಗಿಯೇ ಬಂದಿದೆ ಎನ್ನುತ್ತಾರೇನೋ ಎಂದು ಸುಮ್ಮನಾದಳು.

ಪೆಟ್ಟಿಗೆ ಇಳಿಸಿದ್ದಾಯಿತು. ಮೊದಲ ಹಿಡಿ ಮಣ್ಣು ಹಾಕಲು ಮಗಳನ್ನು ಕರೆಯಬೇಕು. ಅಷ್ಟರಲ್ಲಿ ಪತ್ರಿಕೆಯ ಫೋಟೋಗ್ರಾಫರ್ "ಒಂದು ನಿಮಿಷ, ಬೆಳಕು ಚೆನ್ನಾಗಿದೆ" ಎಂದ. ಗೋಡೆಯ ಪಕ್ಕ ಒಂದು ಮರವಿತ್ತು. ಅದರ ಕಾಂಡಕ್ಕೆ ಹಣೆ ಒತ್ತಿಕೊಂಡು ಹಳದಿ ಫ್ರಾಕಿನ ಹುಡುಗಿಯೊಬ್ಬಳು ಆಗಲೇ ನಿಂತಿದ್ದಳು. ಪ್ರಕಾಶಕರ ಮೊಮ್ಮಗಳು. ಫ್ರಾಕನ್ನು ಚಿತ್ರ ನೋಡಿಯೇ ಹೊಲಿಸಿದ್ದರು, ಕಾಲರಿನ ಗುಂಡಿ ಕೂಡ ಹಾಗೇ ಇತ್ತು.

"ಪಾಪು, ಅಲ್ಲಾಡಬೇಡ. ಕೈ ಇನ್ನೂ ಸ್ವಲ್ಪ ಮೇಲೆ" ಎಂದರು ಪ್ರಕಾಶಕರು.

"ತಾತಾ, ಇಲ್ಲಿ ಇರುವೆ ಇದೆ."

"ಏನೂ ಮಾಡಲ್ಲ ಬಂಗಾರಿ. ಹಾಗೇ ಇರು, ಎಷ್ಟು ಚೆನ್ನಾಗಿ ಕಾಣ್ತಿದೀಯ!"

"ಎಷ್ಟು ಹೊತ್ತು ತಾತಾ?"

ತಾತ ಫೋಟೋಗ್ರಾಫರನ ಹೆಗಲ ಮೇಲಿಂದ ಬಗ್ಗಿ ಕ್ಯಾಮರಾದ ಪರದೆ ನೋಡುತ್ತಿದ್ದರು.

ಮಗಳು ಅವರಿಬ್ಬರ ನಡುವೆಯೇ ನುಗ್ಗಿ ಮರದ ಹತ್ತಿರ ಹೋದಳು. ಹುಡುಗಿಯ ತೋಳಿನ ಮೇಲಿನ ಇರುವೆಯನ್ನು ತೆಗೆದು ಬಿಸಾಡಿದಳು.

"ಎಣಿಸೋಕೆ ಬರುತ್ತಾ ನಿನಗೆ?"

"ಇಪ್ಪತ್ತರವರೆಗೆ ಬರುತ್ತೆ."

"ಸಾಕು, ಅಷ್ಟು ಬೇಕಾದಷ್ಟಾಯ್ತು. ಎಣಿಸು. ನಾನು ಬಚ್ಚಿಟ್ಕೋತೀನಿ."

ಹುಡುಗಿ ಕತ್ತು ಹೊರಳಿಸಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಪ್ಪು ಬಟ್ಟೆ, ನರೆತ ಕೂದಲು, ಮೂಗಿನ ಮೇಲೆ ಜಾರಿದ ಕನ್ನಡಕ. "ನೀವಾ? ನಿಜವಾಗ್ಲೂ?"

"ನಿಜವಾಗ್ಲೂ. ಕಳ್ಳನೋಟ ನೋಡಬೇಡ."

"ಒಂದು... ಎರಡು..."

ಮಗಳು ಓಡಿದಳು. ಓಟವೆಂದರೆ ಮಂಡಿನೋವಿನವರ ಓಟ. ಗುಂಡಿಯ ಕಡೆಗೆ ಬರುತ್ತಿದ್ದಾಳೆಂದು ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳು ಆ ದಾರಿಯಲ್ಲೇ ಗುಂಡಿಯನ್ನು ದಾಟಿ, ಸನಿಕೆ ಹಿಡಿದು ನಿಂತಿದ್ದವರನ್ನೂ ದಾಟಿ ಮುಂದೆ ಹೋದಳು. "ಅಮ್ಮಾ, ಎಲ್ಲಿಗೆ? ಮಣ್ಣು ಹಾಕ್ಬೇಕು!" ಎಂದು ಪ್ರಕಾಶಕರು ಕೂಗಿದರು. ಅವಳು ವ್ಯಾನಿನ ಆಚೆ ಬದಿಗೆ ಹೋಗಿ ಹಿಂದಿನ ಚಕ್ರದ ಮರೆಯಲ್ಲಿ ಕುಕ್ಕರಿಸಿದಳು. ಮಂಡಿ ಲಟಕ್ಕೆಂದಿತು. ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಡ್ರೈವರ್ ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

"ಹದಿನೇಳು... ಹದಿನೆಂಟು..."

"ಏನಾಯ್ತು ಇವಳಿಗೆ?" ಎಂದು ಯಾರೋ ಕೇಳಿದರು. "ಹಿಂದೆ ಹೋಗಿದಾಳೆ, ವ್ಯಾನ್ ಹಿಂದೆ..."

"ಬಾಯಿ ಮುಚ್ಚಿ! ಹೇಳಿದ್ರೆ ಆಟ ಕೆಡುತ್ತೆ" ಎಂದಿತು ಅಮ್ಮನ ನಡುಗುವ ದನಿ. ಕುರ್ಚಿಯಲ್ಲಿ ಕೂತೇ ಅವಳು ಸನಿಕೆಯವರ ಕಡೆಗೆ ಕೈ ಚಾಚಿದ್ದಳು. "ನೀವೂ ಸ್ವಲ್ಪ ತಡೀರಪ್ಪಾ."

"ಇಪ್ಪತ್ತು! ಬಂದೆ!"

ಹಳದಿ ಫ್ರಾಕು ಮೊದಲು ಮಣ್ಣಿನ ರಾಶಿಯ ಹಿಂದೆ ಹುಡುಕಿತು. ಕುರ್ಚಿಗಳ ಕೆಳಗೆ ಬಗ್ಗಿ ನೋಡಿತು. ಮೇಡಂ ಅವರ ಬೆನ್ನ ಹಿಂದೆ ಇಣುಕಿತು. ಅಲ್ಲೆಲ್ಲೂ ಇಲ್ಲದ್ದಕ್ಕೆ ಅದಕ್ಕೆ ನಗು ತಡೆಯಲಾಗುತ್ತಿರಲಿಲ್ಲ. ಆ ನಗು ವ್ಯಾನಿನ ಕಡೆಗೇ ಬರುತ್ತಿತ್ತು. ವ್ಯಾನಿನಡಿಯ ಸಂದಿಯಲ್ಲಿ ಎರಡು ಪುಟ್ಟ ಬೂಟುಗಳು ಕಾಣಿಸಿಕೊಂಡವು, ಹತ್ತಿರ ಬಂದವು, ಚಕ್ರದ ಆಚೆ ನಿಂತವು. ಮಗಳು ಗ್ರೀಸು ಮೆತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು, ಸಿಗಬಾರದೆಂದು ಇನ್ನಷ್ಟು ಮುದುಡಿ ಕೂತಳು.