ಎರಡನೇ ಜಗ್ಗು

ಪ್ಲಮ್ ಹಣ್ಣಿನ ಕಾಲ ಮುಗಿಯುತ್ತ ಬಂದಿತ್ತು. ಅಕ್ಕ ಆರಿಸಿ ತಂದಿದ್ದ ಹಣ್ಣುಗಳು ಮುಟ್ಟಿದರೆ ಒಡೆಯುವಷ್ಟು ಮಾಗಿದ್ದವು. ಬೀಜ ತೆಗೆದು, ಸಕ್ಕರೆ ಹಾಕಿ ಕಿವುಚಿ, ಸೋಸಿ, ನಿಂಬೆಹಣ್ಣು ಹಿಂಡಿದಳು. ಪುದೀನವನ್ನು ಜಜ್ಜಿದರೆ ಕಹಿ ಬಿಡುತ್ತದೆ. ಅಂಗೈಗಳ ನಡುವೆ ಒಮ್ಮೆ ತಟ್ಟಿ ಹಾಕಿದರೆ ಸಾಕು. ರಸವನ್ನು ಎರಡು ಜಗ್ಗುಗಳಿಗೆ ಸುರಿದು ಒಂದಕ್ಕೆ ಮಾತ್ರ ಜಿನ್ ಬೆರೆಸಿದಳು. ಇನ್ನೊಂದನ್ನು ಕಿಟಕಿಯ ಹತ್ತಿರ ಸರಿಸಿಟ್ಟಳು. ಅದು ತಮ್ಮನಿಗೆ.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಹೋದ ವರ್ಷ ಅವನನ್ನು ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಿಸಿದ್ದು ಅಕ್ಕನೇ. ಅವನಿಗೆ ಕಾಮಾಲೆ ಅಂತ ಇಬ್ಬರೂ ಅಮ್ಮನಿಗೆ ಹೇಳಿದ್ದರು, ಅಮ್ಮ ನಂಬಿದ್ದಳು. ಅಲ್ಲಿಂದೀಚೆಗೆ ಅವನು ಒಂದು ತೊಟ್ಟೂ ಮುಟ್ಟಿರಲಿಲ್ಲ. ಈಗ ಈಜು ಕಲಿಸುವ ಹುಡುಗಿಯೊಬ್ಬಳ ಜೊತೆ ಮದುವೆ ಗೊತ್ತಾಗಿತ್ತು. ಅವಳೂ ಅವಳ ತಂದೆಯೂ ಆ ಸಂಜೆ ಮನೆಗೆ ಬರುವವರಿದ್ದರು. ಹಣ್ಣಿನ ರಸ ಬೆರೆಸಿದ ಜಿನ್ ಅಂದರೆ ಆ ತಂದೆಗೆ ಪ್ರಾಣ.

"ಅವಳಿಗೆ ಹೇಳಿಬಿಡೋ," ಎಂದು ಅಕ್ಕ ಬೆಳಿಗ್ಗೆಯೇ ಅಂದಿದ್ದಳು.

"ನಾನೇ ಹೇಳ್ತೀನಿ ಅಕ್ಕ. ಇವತ್ತು ಅವರಪ್ಪನ ಮುಂದೆ ಬೇಡ. ನಂದೂ ಅದೇ ಬಣ್ಣ ಇರೋ ಹಾಗೆ ಮಾಡಿಕೊಡು, ಅಷ್ಟೇ."

ಕನ್ನಡಕದ ಅಂಗಡಿಯಲ್ಲಿ ದಿನವೆಲ್ಲ ಗಾಜು ಉಜ್ಜುವ ಅಕ್ಕ ಎರಡೂ ಜಗ್ಗುಗಳನ್ನು ಬೆಳಕಿಗೆ ಹಿಡಿದು ಬಣ್ಣ ಒಂದೇ ಇದೆಯೇ ಎಂದು ನೋಡಿದ್ದಳು.

ಬಾಗಿಲ ಗಂಟೆ ಹೊಡೆಯಿತು. ಅಕ್ಕ ಬಂದವರನ್ನು ಕೂರಿಸಿ ನಾಲ್ಕು ಮಾತಾಡುವಷ್ಟರಲ್ಲಿ ಅಮ್ಮ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು ಹಂಚಿದಳು. ಮಗನಿಗೆ ಕಿಟಕಿ ಪಕ್ಕದ ಜಗ್ಗಿನದು, ಅದರಲ್ಲಿ ಹುಳಿ ಕಮ್ಮಿ ಅಂತ ಅಕ್ಕ ಮೊದಲೇ ಹೇಳಿದ್ದಳು. ಐಸ್ ತರಲು ಅಡುಗೆಮನೆಗೆ ಬಂದ ಅಕ್ಕನ ಕಣ್ಣು ಸಿಂಕಿನ ಪಕ್ಕಕ್ಕೆ ಹೋಯಿತು. ಅರ್ಧ ಉಳಿದಿದ್ದ ಜಿನ್ ಬಾಟಲಿ ಖಾಲಿಯಾಗಿ ನಿಂತಿತ್ತು.

"ಅಮ್ಮ, ಇದು ಯಾಕೆ ಖಾಲಿ?"

ಹಿಂದೆಯೇ ಬಂದ ಅಮ್ಮ ನಕ್ಕಳು. "ನಿನ್ನ ತಲೆ ಎಲ್ಲಿತ್ತೋ! ಕಿಟಕಿ ಹತ್ರ ಇದ್ದದ್ದಕ್ಕೆ ನೀನು ಹಾಕೋದೇ ಮರೆತಿದ್ದೆ. ಮೂಗಿಟ್ಟು ನೋಡಿ ನಾನೇ ಸುರಿದೆ. ಬೀಗರ ಮುಂದೆ ಕೈ ಬಿಗಿ ಮಾಡ್ಬಾರ್ದು."

ಅಕ್ಕ ಹಜಾರಕ್ಕೆ ಓಡಿದಳು. ತಮ್ಮನ ಲೋಟ ತುಟಿಯ ಹತ್ತಿರವಿತ್ತು.

"ಕುಡೀಬೇಡ ಕಣೋ! ಅದ್ರಲ್ಲಿ ಜಿನ್ ಇದೆ!"

"ಎಲ್ಲರದ್ರಲ್ಲೂ ಇದೆಯಲ್ಲಮ್ಮ! ಅದಕ್ಕೇ ತಾನೆ ನಾನು ಬಂದಿದ್ದು!" ಎಂದು ಹುಡುಗಿಯ ತಂದೆ ಗಹಗಹಿಸಿ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ನೀರಿನಲ್ಲಿ ಯಾರು ಆಡುತ್ತಿದ್ದಾರೆ, ಯಾರು ಮುಳುಗುತ್ತಿದ್ದಾರೆ ಎಂದು ಮುಖ ನೋಡಿ ತಿಳಿಯುವುದು ಆ ಹುಡುಗಿಯ ಕೆಲಸ. ಅವಳು ಒಮ್ಮೆ ಅಕ್ಕನನ್ನು, ಒಮ್ಮೆ ತಮ್ಮನನ್ನು ನೋಡಿದಳು.

ತಮ್ಮ ಲೋಟ ಕೆಳಗಿಟ್ಟು ಅಡುಗೆಮನೆಗೆ ನಡೆದ. ಅಕ್ಕ ಹಿಂದೆ ಹೋದಳು.

"ಮೂಗಿನ ಹತ್ರ ಬಂದ ತಕ್ಷಣ ನಂಗೆ ಗೊತ್ತಾಯ್ತು," ಅವನ ದನಿ ತಗ್ಗಿತ್ತು. "ಕೆಳಗಿಡೋಕೆ ಹೊರಟಿದ್ದೆ."

"ಅದು ನಂಗೆ ಹೇಗೆ ಗೊತ್ತಾಗ್ಬೇಕೋ?"

"ನನ್ನ ಮೇಲೆ ನಂಬಿಕೆ ಇದ್ದಿದ್ರೆ ನೀನು ಒಂದು ಕ್ಷಣ ಕಾಯ್ತಿದ್ದೆ." ಹಿತ್ತಿಲ ಬಾಗಿಲು ತೆಗೆದು ಹೊರಗಿನ ಮೆಟ್ಟಿಲಿಗೆ ಹೋಗಿಬಿಟ್ಟ.

ಅವನು ನಿಜವಾಗಿಯೂ ಇಡುವವನಿದ್ದನೇ? ಅಕ್ಕ ಕಂಡಿದ್ದು ತುಟಿಯ ಹತ್ತಿರದ ಲೋಟವನ್ನು. ಅದು ಮೇಲೆ ಹೋಗುತ್ತಿತ್ತೋ ಕೆಳಗೆ ಬರುತ್ತಿತ್ತೋ, ಆಣೆಯಿಟ್ಟು ಕೇಳಿದರೂ ಅವಳು ಹೇಳಲಾರಳು.

ಅಮ್ಮ ಬಾಟಲಿಯನ್ನೇ ನೋಡುತ್ತ ನಿಂತಿದ್ದಳು. "ಹಾಗಾದ್ರೆ ಅವನಿಗೆ ಬಂದಿದ್ದು ಕಾಮಾಲೆ ಅಲ್ವೇನೇ?"

ಅಷ್ಟರಲ್ಲಿ ಹುಡುಗಿ ಒಳಗೆ ಬಂದಳು.

"ಎಷ್ಟು ದಿನದಿಂದ ಇದು?"

"ಅವನನ್ನೇ ಕೇಳಮ್ಮ. ಅವನ ಪರವಾಗಿ ನಾನು ಮಾತಾಡಿದ್ದು ಸಾಕು."

ಹುಡುಗಿ ಹೊರಗೆ ಹೋದಳು. ಕಿಟಕಿಯಿಂದ ಅಕ್ಕನಿಗೆ ಇಬ್ಬರೂ ಕಾಣುತ್ತಿದ್ದರು. ಮೊದಲು ನಿಂತೇ ಇದ್ದವಳು ಆಮೇಲೆ ಕೂತಳು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ತಮ್ಮ ನೆಲ ನೋಡುತ್ತ ಮಾತಾಡುತ್ತಲೇ ಇದ್ದ.

ಮದುವೆ ಮುರಿಯಲಿಲ್ಲ, ಮುಂದೆ ಹೋಯಿತು. ಹುಡುಗಿ ಸಮಯ ಕೇಳಿದಳು. ಅವಳ ತಂದೆ ಆಮೇಲೆ ಈ ಮನೆಯ ಕಡೆ ತಲೆ ಹಾಕಲಿಲ್ಲ. ತಮ್ಮ ಕೆಲಸದ ಹತ್ತಿರ ಒಂದು ರೂಮು ಹಿಡಿದ. ಫೋನ್ ಮಾಡಿದರೆ ಅಮ್ಮನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದ. ಅಮ್ಮನೂ ಮಗಳ ಜೊತೆ ಎಷ್ಟು ಬೇಕೋ ಅಷ್ಟೇ. ಇಷ್ಟು ದಿನ ತನಗೆ ಸುಳ್ಳು ಹೇಳಿದಳಲ್ಲ ಅನ್ನುವ ನೋವು ಅವಳಿಗೆ.

ಒಂದು ಭಾನುವಾರ ಮಧ್ಯಾಹ್ನ ಅಮ್ಮ ಏನೂ ಹೇಳದೆ ಫೋನನ್ನು ಅಕ್ಕನ ಕಡೆ ಚಾಚಿದಳು. ಅಕ್ಕ ಹಲೋ ಅಂದಳು.

"ಊಟ ಆಯ್ತಾ?" ಎಂದ ತಮ್ಮ.

"ಆಯ್ತು," ಅಂದಳು. ಆಗಿರಲಿಲ್ಲ.