ಕೊಂಡಿ ಕೂಡದ ಕಾಲ್ಚೈನು

ನಾನು ಗದಗಿನ ಅಕ್ಕಸಾಲಿಗ ರಾಚಪ್ಪನ ಕೈಯಲ್ಲಿ ಹುಟ್ಟಿದ ಬೆಳ್ಳಿಯ ಕಾಲ್ಚೈನು. ಬೆಂಕಿಯಲ್ಲಿ ಕರಗಿ, ತಂತಿಯಾಗಿ, ನನ್ನ ಜೋಡಿಯ ಸಂಗಡ ಬಸಲಿಂಗವ್ವನ ಮದುವೆಗೆ ಹೋದೆ. ಆಕೆಯದು ಕಪ್ಪು ಬಣ್ಣ. "ಬೆಳ್ಳಿ ಈಕಿ ಕಾಲಾಗ ಎದ್ದು ಕಾಣ್ತದ ಬಿಡು" ಎಂದು ನಾದಿನಿಯರು ನಕ್ಕಾಗ ಸೀರೆಯನ್ನು ಇಳಿಬಿಟ್ಟು ನಮ್ಮನ್ನು ಮುಚ್ಚಿಕೊಂಡಿದ್ದಳು. ಮುಂದೆ ಮಗಳು ದಾನೇಶ್ವರಿ ಸೀರೆ ಅಂಗಡಿಯ ಕೆಲಸಕ್ಕೆ ಸೇರಿದಾಗ ನಮ್ಮನ್ನು ಬಿಚ್ಚಿ ಅವಳ ಕಾಲಿಗೆ ಹಾಕಿದಳು.

ಆ ಅಂಗಡಿಯಲ್ಲಿ ಬೆಳ್ಳಗಿನ ಹುಡುಗಿಯರು ಮುಂದೆ ನಿಂತು ರೇಷ್ಮೆ ಸೀರೆ ತೋರಿಸುತ್ತಿದ್ದರು. ತಾಯಿಯ ಬಣ್ಣವೇ ಬಂದಿದ್ದ ದಾನೇಶ್ವರಿ ಹಿಂದೆ ಕೂತು ಮಡಚುತ್ತಿದ್ದಳು. ಹೆಸರೂ ಇಲ್ಲದ, ಚೀಟಿಯೂ ಇಲ್ಲದ ಡಬ್ಬಿಯ ಕ್ರೀಮೊಂದನ್ನು ಬ್ಯೂಟಿ ಪಾರ್ಲರಿನಿಂದ ತಂದು, ಬಾಗಿಲು ಹಾಕಿಕೊಂಡು ಹಚ್ಚತೊಡಗಿದಳು. ಡಬ್ಬಿ ಟ್ರಂಕಿನ ಬಟ್ಟೆಗಳಡಿ ಇರುತ್ತಿತ್ತು. ಕೆಲವೇ ವಾರಗಳಲ್ಲಿ ಮುಖ ಬೆಳಗಿತು. ಮಾಲೀಕ ಅವಳನ್ನು ಮುಂದಿನ ಕೌಂಟರಿಗೆ ಕರೆದ. ಆ ದಿನ ನನ್ನ ಗೆಜ್ಜೆಗಳು ಎಷ್ಟು ಕುಣಿದವು!

ಆಮೇಲೆ ನಾನು ಬಿಗಿಯಾಗತೊಡಗಿದೆ. ಸಂಜೆ ಹೊತ್ತಿಗೆ ಅವಳ ಕಾಲಲ್ಲಿ ನನ್ನ ಅಚ್ಚು ಮೂಡುತ್ತಿತ್ತು. ನಿಂತು ನಿಂತು ಹೀಗಾಗಿದೆ ಎಂದುಕೊಂಡಳು. ಆದರೆ ಬೆಳಿಗ್ಗೆ ಕಣ್ಣ ಸುತ್ತ ಬಾವು, ಮೂತ್ರದಲ್ಲಿ ಸೋಪಿನಂಥ ನೊರೆ. ಹೊಟ್ಟೆಯೂ ಉಬ್ಬಿದಾಗ ಅಂಗಡಿಯಲ್ಲಿ ಪಿಸುಮಾತು ಎದ್ದಿತು. "ಇನ್ನೂ ಮದುವಿ ಆಗಿಲ್ಲ, ನೋಡವ್ವಾ!" ದಾನೇಶ್ವರಿ ತಲೆ ತಗ್ಗಿಸಿದಳು. ಅವಳ ಕಣ್ಣೀರು ನನ್ನ ಮೇಲೆ ಬಿತ್ತು.

ತಾಯಿ ಆಸ್ಪತ್ರೆಗೆ ಕರೆದೊಯ್ದಳು. ಪರೀಕ್ಷೆ ಮಾಡಿಸಿದ ಡಾಕ್ಟರ್ ಹೇಮಾವತಿ ಹೇಳಿದರು: "ಬಸಿರಲ್ಲ, ಕಿಡ್ನಿ ಕಾಯಿಲೆ. ನೆಫ್ರೋಟಿಕ್ ಸಿಂಡ್ರೋಮ್ ಅಂತಾರ. ಕಿಡ್ನಿಯೊಳಗ ಸಣ್ಣ ಸಣ್ಣ ಜರಡಿ ಇರ್ತಾವ. ಅವು ಕೆಟ್ರ ರಕ್ತದಾಗಿನ ಪ್ರೋಟೀನ್ ಮೂತ್ರಕ್ಕ ಸೋರ್ತದ, ನೊರಿ ಅದರದೇ. ರಕ್ತದಾಗ ಅದು ಕಮ್ಮಿ ಆದ್ರ ನೀರು ರಕ್ತನಾಳದಾಗ ನಿಲ್ಲಂಗಿಲ್ಲ, ಮೈಯಾಗ ಇಳೀತದ. ಕಿಡ್ನಿ ಉಪ್ಪನ್ನೂ ಹಿಡಕೋತದ. ಅದಕ್ಕ ಈ ಬಾವು."

ಜರಡಿ ಕೆಡಲು ಸಕ್ಕರೆ ಕಾಯಿಲೆ, ಕೆಲವು ಸೋಂಕು, ಕೆಲವು ನೋವಿನ ಮಾತ್ರೆ ಹೀಗೆ ಕಾರಣ ಹಲವು ಎಂದರು. "ಏನರ ಔಷಧ, ಕ್ರೀಮು ಹಚ್ತೀಯೇನವಾ?"

ತಾಯಿ ಪಕ್ಕದಲ್ಲೇ ಇದ್ದಳು. "ಇಲ್ರೀ" ಎಂದಳು ದಾನೇಶ್ವರಿ.

ಕಿಡ್ನಿಯ ಚೂರು ತೆಗೆದು ನೋಡಬೇಕೆಂದು ಅವಳನ್ನು ಸೇರಿಸಿಕೊಂಡರು. ನರ್ಸ್ ನಮ್ಮನ್ನು ಕಷ್ಟಪಟ್ಟು ಬಿಚ್ಚಿ ಬಸಲಿಂಗವ್ವನಿಗೆ ಕೊಟ್ಟಳು. ಎಲ್ಲಿ ಕಳೆದಾವೋ ಎಂದು ಆಕೆ ನನ್ನನ್ನು ತನ್ನ ಕಾಲಿಗೇ ಹಾಕಿಕೊಳ್ಳಲು ಬಗ್ಗಿದಳು. ನಾನು ವರ್ಷಗಟ್ಟಲೆ ಸಡಿಲವಾಗಿ ಜೋತಾಡಿದ್ದ ಕಾಲು ಅದು. ಈಗ ಕೊಂಡಿ ಕೂಡಲಿಲ್ಲ. ಆಕೆಯ ಬೆರಳು ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು.

ದಾನೇಶ್ವರಿ ಮಂಚದಿಂದ ನೋಡುತ್ತಿದ್ದಳು. "ಯವ್ವಾ, ನನ್ನ ಕ್ರೀಮಿನ ಡಬ್ಬಿ ನೀನೂ ಮುಟ್ಟೀಯೇನು?"

ಬಸಲಿಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಈ ವಯಸ್ಸಿನಾಗ ನನಗ್ಯಾಕ ಬೇಕಿತ್ತು... ಒಮ್ಮೆರ ಬೆಳ್ಳಗ ಆಗಿ ನೋಡೂಣು ಅನ್ನಿಸ್ತವಾ."

ತನಗಾಗಿ ಬಾಯಿ ಬಿಡದವಳು ತಾಯಿಗಾಗಿ ಡಾಕ್ಟರನ್ನು ಕರೆಸಿ ಎಲ್ಲವನ್ನೂ ಹೇಳಿದಳು. ಪರೀಕ್ಷೆಗೆ ಕಳಿಸಿದ ಕ್ರೀಮಿನಲ್ಲಿ ಪಾದರಸ ಸಿಕ್ಕಿತು. ಅದು ಚರ್ಮದಿಂದ ಒಳಗಿಳಿದು, ರೋಗದಿಂದ ಮೈಯನ್ನು ಕಾಯಬೇಕಾದ ಶಕ್ತಿಯೇ ಕಿಡ್ನಿಯ ಜರಡಿಯ ಮೇಲೆ ಎರಗುವಂತೆ ಮಾಡಿತ್ತು.

"ನಾ ಕೇಳಿದ್ದು ಬೈಯಾಕಲ್ಲವ್ವಾ" ಎಂದಷ್ಟೇ ಹೇಳಿದರು ಡಾಕ್ಟರ್. ಇಬ್ಬರೂ ಕ್ರೀಮು ಬಿಟ್ಟರು, ಉಪ್ಪು ಕಡಿಮೆ ಮಾಡಿದರು, ಮಾತ್ರೆ ನುಂಗಿದರು. ತಿಂಗಳುಗಳ ಮೇಲೆ ಬಾವು ಇಳಿಯಿತು, ನೊರೆ ನಿಂತಿತು. ಹಳೆಯ ಬಣ್ಣವೂ ಮರಳಿತು.

ನನ್ನ ಜೋಡಿ ಈಗಿಲ್ಲ, ಬಸ್ಸಿನಲ್ಲಿ ಎಲ್ಲೋ ಕಳಚಿ ಬಿತ್ತು. ಒಂಟಿಯಾಗಿ, ಸವೆದು, ಅಲಮಾರಿಯ ಮೂಲೆಯಲ್ಲಿದ್ದೇನೆ. ನಾನು ಬಿಗಿಯುತ್ತಿದ್ದರೂ ಕೂಗಿ ಹೇಳಲಾರದೆ ಹೋದೆನಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ. ಅದು ಕಾಡಿದಾಗೆಲ್ಲ, ದಾನೇಶ್ವರಿ ನಮ್ಮನ್ನು ಮತ್ತೆ ತೊಟ್ಟು ಅಂಗಡಿಗೆ ಮರಳಿದ ದಿನವನ್ನು ನೆನೆಯುತ್ತೇನೆ.

"ಹಿಂದ ಹೋಗಿ ಕೂಡು" ಎಂದ ಮಾಲೀಕ. ಅವಳು ಹೋಗಲಿಲ್ಲ. ಹುಡುಗಿಯರ ಮುಂದೆ ನಿಂತು ಹೇಳಿದಳು: "ಹೆಸರಿಲ್ಲದ ಡಬ್ಬಿ ಯಾರ್ಯಾರು ಹಚ್ತೀರಿ? ನಾನೂ ಹಚ್ಚಿದ್ದೆ, ಮೂತ್ರದಾಗ ನೊರಿ ಬಂತು, ಕಿಡ್ನಿ ಕೆಡಿಸ್ಕೊಂಡೆ. ನಾಚ್ಕೋಬ್ಯಾಡ್ರಿ, ಮೂತ್ರ ತಪಾಸ ಮಾಡಿಸ್ರಿ."

ಕಸ್ತೂರಿ ಎಂಬ ಹುಡುಗಿ ಕೈಯಲ್ಲಿದ್ದ ಸೀರೆ ಕೆಳಗಿಟ್ಟು ಹತ್ತಿರ ಬಂದಳು.

"ಅಕ್ಕಾ, ನನಗೂ ನೊರಿ ಬರಾಕತ್ತದ. ದವಾಖಾನಿಗೆ ನನ್ನ ಸಂಗಾಟ ಬರ್ತೀಯೇನು?"