ಒಂದೇ ಡೋಲಿ, ಎರಡು ನೀರು

ಡಂಬಳದ ಯಮನೂರಪ್ಪನ ಎಡಗಾಲಿನ ಹಿಮ್ಮಡಿಯ ಮೇಲೆ ಮತ್ತೆ ಬೊಬ್ಬೆ ಎದ್ದಿತ್ತು. ಸತತ ಮೂರನೆಯ ಬೇಸಿಗೆ. ಬೊಬ್ಬೆ ಒಡೆದು ಬಿಳಿ ದಾರದಂಥ ಹುಳ ಹೊರಗೆ ಇಣುಕಿತ್ತು. ನಾರುಹುಣ್ಣು. ನಮ್ಮ ಕಡೆ ಇದನ್ನು ಕಾಣದ ಓಣಿ ಇಲ್ಲ, ಆದ್ದರಿಂದ ಹೆಚ್ಚಿನ ವರ್ಣನೆ ಬೇಡ.

ಯಮನೂರಪ್ಪನಿಗೆ ಕಾಲೇ ಹೊಲ, ಕಾಲೇ ಎತ್ತು. ಕಪ್ಪತಗುಡ್ಡ ನೋಡಲು ಬಂದು ಹತ್ತಲಾರದವರನ್ನು ಡೋಲಿಯಲ್ಲಿ ಹೊತ್ತು ಹತ್ತಿಸುವುದು ಅವನ ಕೆಲಸ. ಡೋಲಿ ಎಂದರೆ ದಪ್ಪ ಬಿದಿರಿನ ಗಳ, ಅದಕ್ಕೆ ಜೋತುಬಿದ್ದ ಒಂದು ಆಸನ. ಗಳದ ಮುಂದಿನ ತುದಿ ಯಮನೂರಪ್ಪನ ಹೆಗಲಿಗೆ, ಹಿಂದಿನದು ಮರ್ದಾನಸಾಬನ ಹೆಗಲಿಗೆ. ಹನ್ನೊಂದು ವರ್ಷದ ಜೋಡಿ.

ಕನ್ನಡ ನಾಡು ಒಂದಾಗಿ ಐದು ತಿಂಗಳಾಗಿತ್ತು. ಗುಡ್ಡಕ್ಕೆ ಗದಗ-ಬೆಟಗೇರಿಯವರಷ್ಟೇ ಅಲ್ಲ, ರಾಯಚೂರಿನವರು, ಮೈಸೂರಿನವರೂ ಬರತೊಡಗಿದ್ದರು. ಅವರ ಉಲ್ಲಾಸವನ್ನು ಯಮನೂರಪ್ಪ ದನಿ ಸಮೇತ ಮಾಡಿ ತೋರಿಸುತ್ತಿದ್ದ: "'ಆಹಾ, ಎಂಥಾ ಗಾಳಿ ಕಣ್ರೀ! ಒಂದು ಸೀಸೆಗೆ ತುಂಬ್ಕೊಂಡು ಹೋಗೋಣ!' ಅಂದ್ರು. 'ಬ್ಯಾಡ್ರಿ ಸಾಹೇಬ್ರ, ಆ ಸೀಸೇನೂ ನಾವ ಹೊರಬೇಕಾಗತೈತಿ' ಅಂದೆ."

ಆ ಮಧ್ಯಾಹ್ನ ಮಾತ್ರ ಅವನು ಯಾರ ದನಿಯನ್ನೂ ತೆಗೆಯಲಿಲ್ಲ. ಬಾಗಿಲಲ್ಲಿ ಕಾಲು ಚಾಚಿ ಕೂತು ಹುಳದ ತುದಿ ಹಿಡಿದುಕೊಂಡಿದ್ದ. ಮರುದಿನ ನಸುಕಿನಲ್ಲೇ ಗುಡ್ಡ ಏರಬೇಕಿತ್ತು.

ಹೆಂಡತಿ ದೇವವ್ವ ಅವನ ಕೈ ಹಿಡಿದಳು. "ಎಳೀಬ್ಯಾಡ್ರಿ. ನಿಮ್ಮ ಅಣ್ಣ ಹಿಂಗ ಎಳದು ಏನಾತು?"

ಅಣ್ಣ ದ್ಯಾಮಪ್ಪನೂ ಡೋಲಿ ಹೊರುತ್ತಿದ್ದವನೇ. ಎಳೆದ ಹುಳ ಒಳಗೇ ಹರಿದು, ಕಾಲು ಕೀವುಗಟ್ಟಿ, ಮೊಣಕಾಲು ಮಡಚಿದಂತೆಯೇ ನಿಂತುಬಿಟ್ಟಿತ್ತು. ಈಗ ಕೋಲು ಹಿಡಿದು ಕಟ್ಟೆಯ ತನಕ ಹೋದರೆ ಅದೇ ಅವನ ಗುಡ್ಡ.

ಅಷ್ಟರಲ್ಲಿ ಮರ್ದಾನಸಾಬ ಬಂದ. ಜೊತೆಗೆ ಮುಂಡರಗಿಯಿಂದ ಹಳ್ಳಿ ಹಳ್ಳಿ ತಿರುಗುವ ನರ್ಸಬಾಯಿ ಸಾಬೀರಾ. ಆಕೆಯ ಚಪ್ಪಲಿ, ಸೀರೆಯ ಅಂಚು ಎಲ್ಲ ಕೆಂಧೂಳು. ನಾರುಹುಣ್ಣಿನ ಮಾತನ್ನೇ ಆ ವಾರ ಆರು ಊರಲ್ಲಿ ಹೇಳಿ ಗಂಟಲು ಒಣಗಿತ್ತು.

"ಬರ್ರಿ ಬಾಯಾರ, ಕುಂಡ್ರಿ," ಅಂದ ಯಮನೂರಪ್ಪ. "ಮುಲಾಮ ಇದ್ರ ಕೊಡ್ರಿ, ಮಾತು ಬ್ಯಾಡ. ನಾಡು ಒಂದಾತು ಅಂತ ಡಂಗುರ ಹೊಡದ್ರು, ನನ್ನ ಕಾಲು ಎರಡೂ ಒಂದು ಮಾತಿಗಿ ಬರವಲ್ವು."

"ಅಣ್ಣಾರ, ಎಳೀಬ್ಯಾಡ್ರಿ. ದಿನಾ ಎಷ್ಟು ತಾನಾಗಿ ಬರತೈತೋ ಅಷ್ಟ ಕಡ್ಡಿಗಿ ಸುತ್ರಿ," ಅಂದಳು ಸಾಬೀರಾ.

"ಹಂಗಾರ ಬಾವ್ಯಾಗ ಕಾಲಿಟ್ಟು ಕುಂಡ್ರತೀನಿ. ಉರಿ ಆರತೈತಿ, ಹುಳಾನೂ ಜಲ್ದಿ ಬರತೈತಿ. ಡೋಲಿ ಹೊರಾವರ ಔಷಧ ಅದು."

ಅದು ಸುಳ್ಳಲ್ಲ. ಗುಡ್ಡ ಇಳಿದು ಬಂದವರೆಲ್ಲ ಮೆಟ್ಟಿಲಬಾವಿಯ ಕೆಳಗಿನ ಮೆಟ್ಟಿಲಲ್ಲಿ ಸಾಲಾಗಿ ಕೂತು ನೀರಿಗೆ ಕಾಲು ಬಿಡುತ್ತಿದ್ದರು. ದಣಿದ ಕಾಲಿಗೆ ಬೇರೆ ಸುಖವೇ ಇರಲಿಲ್ಲ. ಏಳುವಾಗ ಹೆಚ್ಚಿನವರು ಅದೇ ನೀರನ್ನು ಬೊಗಸೆ ತುಂಬ ಕುಡಿಯುತ್ತಿದ್ದರು. ಅವರ ಹೆಂಡಂದಿರು ಅದೇ ನೀರನ್ನು ಕೊಡದಲ್ಲಿ ಒಯ್ಯುತ್ತಿದ್ದರು.

"ಹುಳ ಜಲ್ದಿ ಬರೂದು ಖರೆ," ಅಂದಳು ಸಾಬೀರಾ. "ಯಾಕಂದ್ರ ಅದಕ್ಕ ನೀರಾಗ ಮರಿ ಬಿಡೂದೈತಿ. ಆ ಮರೀನ ನೀರಾಗಿನ ಸಣ್ಣ ಹುಳ ನುಂಗತಾವು, ಅವನ್ನ ನೀವು ನೀರಿನ ಜೋಡಿ ನುಂಗತೀರಿ. ಒಳಗಿನ ಮರಿ ವರ್ಷ ತನಕ ಮೈಯಾಗ ಬೆಳದು ಕಾಲಾಗ ಹೊರಗ ಬರತೈತಿ."

"'ವರ್ಷ ತನಕ ಬೆಳದು...'" ಯಮನೂರಪ್ಪ ಆಕೆಯ ದನಿಯನ್ನೇ ತೆಗೆದ. "ಬಾಯಾರ, ಹೋದ ವರ್ಷ ಕುಡದ ನೀರು ಹೋದ ವರ್ಷನ ಹೋತಲ್ರಿ! ಇದು ಉಷ್ಣ. ಕಾಲಾಗ ಕಾದ ಕಲ್ಲು, ತಲಿಮ್ಯಾಲ ಬಿಸಿಲು, ಹೆಗಲಮ್ಯಾಲ ಸಾವಕಾರ. ಉಷ್ಣ ಎಲ್ಲಿಂದ ಹೊರಗ ಬೀಳಬೇಕು?"

ಸಾಬೀರಾ ವಾದಿಸಲಿಲ್ಲ. ಮರ್ದಾನಸಾಬನ ಕಡೆ ತಿರುಗಿದಳು. "ಭಾಯಿ, ನಿಮಗ ಎಷ್ಟು ಸಲ ನಾರುಹುಣ್ಣು ಆಗೇತಿ?"

"ಒಮ್ಮೀನೂ ಇಲ್ರಿ."

"ನೀವು ಬ್ಯಾರೆ ಕಲ್ಲು ತುಳೀತೀರೇನು?"

"ಇವ ಕಾಲು ಎತ್ತಿದಲ್ಲೇ ನಾ ಕಾಲು ಇಡೂದ್ರಿ."

"ಬಿಸಿಲು?"

"ಅದ ಬಿಸಿಲು."

"ಊಟ?"

"ಇವನ ರೊಟ್ಟಿ ನಾ ತಿಂತೀನಿ, ನನ್ನ ಚಟ್ನಿ ಇವ ತಿಂತಾನ."

"ನೀರು?"

ಮರ್ದಾನಸಾಬ ಯಮನೂರಪ್ಪನ ಮುಖ ನೋಡಿದ.

ನೀರು ಬೇರೆ. ಬಾವಿ ಅದೇ. ಆದರೆ ಮರ್ದಾನಸಾಬನ ಹೆಂಡತಿ ರಮಜಾನಬಿ ಕೊಡದ ಬಾಯಿಗೆ ಹಳೇ ಅರಿವೆಯನ್ನು ಎರಡು ಪದರು ಕಟ್ಟಿಯೇ ನೀರು ತುಂಬುತ್ತಿದ್ದಳು. ಗಂಡ ಆ ನೀರನ್ನು ಚೆಂಬಿನಲ್ಲಿ ಗುಡ್ಡಕ್ಕೂ ಒಯ್ಯುತ್ತಿದ್ದ, ಬಾವಿಯ ಮೆಟ್ಟಿಲಲ್ಲಿ ಕೂತಾಗಲೂ ಅದನ್ನೇ ಕುಡಿಯುತ್ತಿದ್ದ. "ನೀರಿಗೂ ಬುರ್ಖಾ ಹಾಕ್ಯಾರಲ್ಲೋ ನಿಮ್ಮನ್ಯಾಗ!" ಎಂದು ಯಮನೂರಪ್ಪ ಹನ್ನೊಂದು ವರ್ಷ ನಕ್ಕಿದ್ದ.

"ಅಕಿ ಬೇವಿನ ಎಲಿ ಬೀಳತಾವಂತ ಸೋಸತಾಳ್ರಿ," ಅಂದ ಮರ್ದಾನಸಾಬ. "ಹುಳದ ಖಬರ ಅಕಿಗೂ ಇಲ್ಲ."

ಸಾಬೀರಾ ದೇವವ್ವನ ಕೊಡದ ನೀರನ್ನು ಅರಿವೆಯಲ್ಲಿ ಸೋಸಿದಳು. ಅರಿವೆಯ ಮೇಲೆ ಉಳಿದದ್ದನ್ನು ಬಿಳಿ ಪಿಂಗಾಣಿ ಬಟ್ಟಲಲ್ಲಿ ಜಾಲಿಸಿ ಬಾಗಿಲ ಬೆಳಕಿಗೆ ಹಿಡಿದಳು. ಸಣ್ಣ ಸಣ್ಣ ಚುಕ್ಕೆಗಳು ಟಣ್ಣಟಣ್ಣ ಜಿಗಿಯುತ್ತಿದ್ದವು.

"ಧೂಳ ಇರಬೇಕು," ಅಂದ ಯಮನೂರಪ್ಪ.

"ಧೂಳ ಕುಣೀತೈತೇನ್ರಿ?" ದೇವವ್ವ ಕೊಡವನ್ನು ದೂರ ಸರಿಸಿದಳು. "ಅಯ್ಯ ಶಿವನ! ಇದನ್ನ ನಾ ದಿನಾ ನಿಮ್ಮ ಕೈಯಾಗ ಕೊಟ್ಟೀನಿ."

ಯಮನೂರಪ್ಪ ಬಟ್ಟಲಿನತ್ತ ಬಾಗಿ ನೋಡಿದ. ಹುಳ ಹಿಡಿದಿದ್ದ ಬೆರಳು ಸಡಿಲಾಯಿತು. "ನಾಳಿ ನನ್ನ ತುದಿ ಯಾರು ಹೊರತಾರ?"

"ಡೋಲಿ ಹೊತ್ತು ಪಳಗಿದ ಮುದಕಪ್ಪ ಕಾಕಾ ಅದಾನ, ಅವ ಹೊರತಾನ," ಅಂದ ಮರ್ದಾನಸಾಬ. "ನೀ ಮಲಕ್ಕೋಲೇ. ಹುಳ ಹರದ್ರ ನಾಳಿ ನಿನ್ನನ್ನ ಡೋಲ್ಯಾಗ ಕುಂಡ್ರಿಸಿ ನಾನ ಹೊರಬೇಕಾದೀತು. ನೀ ಭಾಳ ವಜ್ಜಿ ಅದಿ."

ಅಂದೇ ದೇವವ್ವ ತನ್ನ ಕೊಡದ ಬಾಯಿಗೂ ಎರಡು ಪದರಿನ ಅರಿವೆ ಕಟ್ಟಿದಳು. ಇಪ್ಪತ್ಮೂರು ದಿನ ಯಮನೂರಪ್ಪ ಮಲಗಿದ. ದಿನಕ್ಕೆ ಒಂದು ಬೆರಳಿನಷ್ಟು ಹುಳ ಕಡ್ಡಿಗೆ ಸುತ್ತಿದ. ಉರಿ ತಡೆಯದಾದಾಗ ದೇವವ್ವ ಬೋಗುಣಿಯಲ್ಲಿ ನೀರಿಟ್ಟು ಕಾಲು ತೋಯಿಸಿ, ಆ ನೀರನ್ನು ಬಾವಿಯಿಂದ ದೂರ ಒಣನೆಲಕ್ಕೆ ಚೆಲ್ಲಿದಳು. ಹುಳ ಪೂರಾ ಬಂತು. ಕಾಲು ಉಳಿಯಿತು.

ಮರುವರ್ಷ ದೇವವ್ವನ ಪಾದಕ್ಕೇ ಒಂದು ಹುಳ ಬಂತು. "ಸೋಸಿದ್ರೂ ಬಂತಲ್ರಿ ಬಾಯಾರ!" ಎಂದು ಅತ್ತಳು.

"ಅಕ್ಕಾರ, ಇದು ಸೋಸೂಕಿಂತ ಮೊದಲ ಕುಡದದ್ದು. ಬಿಡಬ್ಯಾಡ್ರಿ," ಅಂದಳು ಸಾಬೀರಾ.

ದೇವವ್ವ ಬಿಡಲಿಲ್ಲ. ಅದರ ಮುಂದಿನ ಬೇಸಿಗೆ ಆ ಮನೆಯಲ್ಲಿ ಯಾರ ಕಾಲಿಗೂ ಬೊಬ್ಬೆ ಏಳಲಿಲ್ಲ.

ಆ ಬೇಸಿಗೆಯ ಒಂದು ಸಂಜೆ ಮುದಕಪ್ಪ ಕಾಕಾ ಡೋಲಿ ಇಳಿಸಿ, ಹುಣ್ಣಿನ ಕಾಲು ಎಳೆಯುತ್ತ ಬಾವಿಯ ಮೆಟ್ಟಿಲಿಳಿದ. ಯಮನೂರಪ್ಪ ಅಡ್ಡ ನಿಂತ.

"ಸರೀಲೇ, ಉರೀತೈತಿ. ಮುಪ್ಪಿನ್ಯಾಂವಗ ಇಷ್ಟರೆ ಸುಖ ಬ್ಯಾಡೇನು?"

"ಬೇಕು ಕಾಕಾ. ಮ್ಯಾಲ ಕುಂಡ್ರು, ನಾ ನೀರು ತಂದು ಹಾಕತೀನಿ."

ಯಮನೂರಪ್ಪನೂ ಆಗಷ್ಟೇ ಗುಡ್ಡ ಇಳಿದು ಬಂದಿದ್ದ. ಹೆಗಲು ಕೆಂಪಾಗಿತ್ತು. ಆದರೂ ನಾಲ್ಕು ಸಲ ಮೆಟ್ಟಿಲಿಳಿದು ಹತ್ತಿ, ಬೇವಿನ ಗಿಡದ ಆಚೆ ಮುದುಕನ ಕಾಲಿಗೆ ನೀರು ಸುರಿದ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ದಣಿದು ಬಂದವರೇ ಎಂದು ಬಲ್ಲೆವು. ಆದರೂ ಕುಡಿಯುವ ನೀರನ್ನು ಎರಡು ಪದರಿನ ಅರಿವೆಯಲ್ಲಿ ಸೋಸಿರಿ. ಹೊಲಕ್ಕೆ, ಗುಡ್ಡಕ್ಕೆ ಹೋಗುವಾಗಲೂ ಸೋಸಿದ್ದನ್ನೇ ಒಯ್ಯಿರಿ. ಹುಳವನ್ನು ಎಳೆದು ಹರಿಯಬೇಡಿರಿ. ಹುಣ್ಣಿನ ಕಾಲನ್ನು ಬಾವಿಗೆ, ಕೆರೆಗೆ ಇಳಿಸಬೇಡಿರಿ. ಇಳಿಯುವವರನ್ನು ಕಂಡರೆ ಬೈಯಬೇಡಿರಿ, ಒಂದು ಕೊಡ ನೀರು ಮೇಲಕ್ಕೆ ತಂದುಕೊಡಿರಿ. ಇವತ್ತಿನ ಸಂಜೆಯ ಕೊಡದಿಂದಲೇ ಶುರುವಾಗಲಿ.